ಡಿವಿಡಿಯ ಮರುಪ್ರತಿ: ಚಿತ್ರದ ಜೊತೆಗೆ ಮೆನುವೂ ಉಳಿಯಬೇಕು

ಇಂದು ಮಾರಾಟವಾಗುವ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಕಿಂಡಿಯೇ ಇರುವುದಿಲ್ಲ. ಆದರೆ ಡಿವಿಡಿಗಳು ಮಾತ್ರ ನಮ್ಮ ಮನೆಗಳಲ್ಲಿ ಹಾಗೆಯೇ ಉಳಿದಿವೆ. ತುಮಕೂರಿನ ಮನೆಯ ಬೀರುವಿನಲ್ಲಿ ಅಕ್ಕನ ಮದುವೆಯ ಡಿವಿಡಿ, ಗುಬ್ಬಿಯ ಹವ್ಯಾಸಿ ತಂಡದವರ ಹತ್ತಿರ ಪೌರಾಣಿಕ ನಾಟಕದ ಡಿವಿಡಿ, ಕುಣಿಗಲ್ಲಿನ ಶಾಲೆಯ ಕಪಾಟಿನಲ್ಲಿ ವಾರ್ಷಿಕೋತ್ಸವದ ಡಿವಿಡಿ, ಹೀಗೆ. ಇವುಗಳನ್ನು ಕೆಡುವ ಮೊದಲೇ ನಕಲು ಮಾಡಿಡುವುದು ಹೇಗೆ? ನಕಲು ಮಾಡುವಾಗ ಮೆನು, ಉಪಶೀರ್ಷಿಕೆ, ಸಂದರ್ಶನ ಮೊದಲಾದ ಹೆಚ್ಚುವರಿ ಭಾಗಗಳು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಹೇಗೆ? ಇದರ ಹಿಂದಿರುವ ವಿಜ್ಞಾನವೇನು?

ಗುಬ್ಬಿಯ ನೆಲದಿಂದ ಒಂದು ಪಾಠ

ನಕಲು ಇಟ್ಟುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ಚಿತ್ರರಂಗವೇ ಸಾಕ್ಷಿ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ನಮಗೆ ಲಭ್ಯವಿಲ್ಲ. ಚಿತ್ರದ ಹೆಸರು, ನಟರ ಹೆಸರು, ಕೆಲವು ಸ್ಥಿರಚಿತ್ರಗಳು ಉಳಿದಿವೆ, ಚಿತ್ರವೇ ಇಲ್ಲ.

ಗುಬ್ಬಿ ಕಂಪನಿ ಎಂದೇ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿನುದ್ದಕ್ಕೂ ಬೆಳೆಸಿದವರು ಗುಬ್ಬಿ ವೀರಣ್ಣನವರು (1891-1972). 'ಕುರುಕ್ಷೇತ್ರ' ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಸಾಹಸಿ ಅವರು. 1942ರ 'ಜೀವನ ನಾಟಕ' ಚಿತ್ರದಲ್ಲಿ ಅವರೇ ಅಭಿನಯಿಸಿದರು. ಅದಕ್ಕೆ ಸಂಭಾಷಣೆ ಬರೆದವರು ಅ.ನ. ಕೃಷ್ಣರಾಯರು. ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದ 1954ರ 'ಬೇಡರ ಕಣ್ಣಪ್ಪ'ದ ಹಿಂದೆಯೂ ಗುಬ್ಬಿ ಕಂಪನಿಯ ನಂಟಿದೆ. ಇಂಥ ಪರಂಪರೆಯ ಬಗ್ಗೆ ಇಂದಿನ ವಿದ್ಯಾರ್ಥಿಗೆ ಗೊತ್ತಾಗಬೇಕಾದರೆ ಚಿತ್ರವೊಂದೇ ಸಾಲದು. ಹಳೆಯ ಕಲಾವಿದರ ಒಂದು ಸಂದರ್ಶನ, ಪಾತ್ರವರ್ಗದ ಪಟ್ಟಿ, ಹಾಡುಗಳ ಸೂಚಿ ಇವೂ ಬೇಕು. ಡಿವಿಡಿಗಳಲ್ಲಿ ಇಂಥ ವಿಷಯಗಳು ಇರುವುದು ಮೆನುವಿನಲ್ಲಿ ಮತ್ತು ಹೆಚ್ಚುವರಿ ಭಾಗಗಳಲ್ಲಿ. ನಾಟಕ ಉಳಿದು ಕರಪತ್ರ ಹರಿದುಹೋದರೆ ಭೀಮನ ಪಾತ್ರ ಮಾಡಿದವರು ಯಾರು ಎಂದು ಮುಂದೆ ಹೇಳುವವರು ಯಾರು?

ತಟ್ಟೆಯೊಳಗೆ ಏನಿದೆ?

ಡಿವಿಡಿಯ ವ್ಯಾಸ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ತಲಾ 0.6 ಮಿಲಿಮೀಟರಿನ ಎರಡು ಪಾಲಿಕಾರ್ಬೊನೇಟ್ ತಟ್ಟೆಗಳನ್ನು ಅಂಟಿಸಿ ಇದನ್ನು ಮಾಡುತ್ತಾರೆ. ಸುರುಳಿಯಾಕಾರದ ಹಾದಿಯಲ್ಲಿರುವ ಗುರುತುಗಳನ್ನು 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್ ಓದುತ್ತದೆ. ಒಂದೇ ಪದರದ ಡಿವಿಡಿಯಲ್ಲಿ 470 ಕೋಟಿ ಬೈಟ್, ಎರಡು ಪದರದ್ದರಲ್ಲಿ ಸುಮಾರು 850 ಕೋಟಿ ಬೈಟ್ ಮಾಹಿತಿ ಹಿಡಿಯುತ್ತದೆ.

ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿವಿಡಿಗೂ ಸ್ಟುಡಿಯೋದವರು ಬರೆದುಕೊಡುವ ಡಿವಿಡಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಗುರುತುಗಳು ಪ್ಲಾಸ್ಟಿಕ್ಕಿನಲ್ಲೇ ಮೂಡಿದ ಗುಳಿಗಳು. ಎರಡನೆಯದರಲ್ಲಿ ಅವು ಬಣ್ಣದ ಒಂದು ತೆಳುಪದರದ ಮೇಲೆ ಲೇಸರ್ ಸುಟ್ಟ ಕಲೆಗಳು. ಬಿಸಿಲು, ಸೆಕೆ, ತೇವಗಳಿಂದ ಈ ಬಣ್ಣ ಮಾಸುತ್ತದೆ. ಆದ್ದರಿಂದ ಮದುವೆಯ ಡಿವಿಡಿಗೇ ಅಪಾಯ ಹೆಚ್ಚು.

ಮೆನು ಹೇಗೆ ಕೆಲಸ ಮಾಡುತ್ತದೆ?

ಡಿವಿಡಿಯನ್ನು ಗಣಕದಲ್ಲಿ ತೆರೆದು ನೋಡಿದರೆ 'ವಿಡಿಯೋ ಟಿಎಸ್' ಎಂಬ ಕಡತಕೋಶ ಕಾಣುತ್ತದೆ. ಅದರೊಳಗೆ ಮೂರು ಬಗೆಯ ಕಡತಗಳಿರುತ್ತವೆ. 'ವಿಒಬಿ' ಕಡತಗಳಲ್ಲಿ ಚಿತ್ರ, ಧ್ವನಿ, ಉಪಶೀರ್ಷಿಕೆಗಳು ಹೆಣೆದುಕೊಂಡಿರುತ್ತವೆ. 'ಐಎಫ್‌ಒ' ಕಡತದಲ್ಲಿ ಯಾವುದು ಎಲ್ಲಿದೆ ಎಂಬ ವಿವರವಿರುತ್ತದೆ. 'ಬಿಯುಪಿ' ಎಂಬುದು ಐಎಫ್‌ಒದ ಪಡಿಯಚ್ಚು. ಒಂದಕ್ಕೆ ಗೀರು ಬಿದ್ದರೆ ಇನ್ನೊಂದು ಕೆಲಸಕ್ಕೆ ಬರಲೆಂದು ಇಟ್ಟದ್ದು.

ಪುಸ್ತಕದ ಪರಿವಿಡಿಯನ್ನು ನೆನಪಿಸಿಕೊಳ್ಳಿ. 'ಐದನೆಯ ಅಧ್ಯಾಯ, ಪುಟ 112' ಎಂದು ಅದು ಹೇಳುತ್ತದೆ. ಐಎಫ್‌ಒ ಮಾಡುವುದೂ ಇದನ್ನೇ. ಡಿವಿಡಿಯ ಪುಟಕ್ಕೆ ಸೆಕ್ಟರ್ ಎಂದು ಹೆಸರು. ಒಂದು ಸೆಕ್ಟರಿನಲ್ಲಿ 2048 ಬೈಟ್‌ಗಳು. ಮೆನುವಿನಲ್ಲಿ 'ಮೂರನೆಯ ಹಾಡು' ಎಂಬ ಗುಂಡಿ ಒತ್ತಿದರೆ ಯಂತ್ರವು ಅದಕ್ಕೆ ಬರೆದಿರುವ ಆಜ್ಞೆಯನ್ನು ಓದುತ್ತದೆ, ಐಎಫ್‌ಒದಲ್ಲಿ ಸೆಕ್ಟರ್ ಸಂಖ್ಯೆ ನೋಡುತ್ತದೆ, ಲೇಸರನ್ನು ಅಲ್ಲಿಗೆ ಕಳುಹಿಸುತ್ತದೆ. ಪರದೆಯ ಮೇಲೆ ಗುಂಡಿ ಎಲ್ಲಿದೆ, ಬಲಕ್ಕೆ ಒತ್ತಿದರೆ ಯಾವ ಗುಂಡಿಗೆ ಹೋಗಬೇಕು ಎಂಬ ವಿವರಗಳು ವಿಒಬಿಯ ನಡುನಡುವೆ ಬರುವ ಪುಟ್ಟ ಪೊಟ್ಟಣಗಳಲ್ಲಿ ಅಡಗಿರುತ್ತವೆ.

ಡಿವಿಡಿಯಲ್ಲಿರುವ ಚಲನಚಿತ್ರವನ್ನು ಎಂಪಿ4 ಕಡತವಾಗಿ ಪರಿವರ್ತಿಸಿದಾಗ ಮೆನು ಮಾಯವಾಗುವುದು ಇದರಿಂದಲೇ. ಎಂಪಿ4ರಲ್ಲಿ ಚಿತ್ರಕ್ಕೂ ಧ್ವನಿಗೂ ಜಾಗವಿದೆ. ಈ ಆಜ್ಞೆಗಳಿಗೆ ಇಲ್ಲ. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶಗಳು ಚಿತ್ರವನ್ನು ಚೆನ್ನಾಗಿ ಪರಿವರ್ತಿಸುತ್ತವೆ, ಆದರೆ ಮೆನುವನ್ನು ಉಳಿಸುವುದಿಲ್ಲ.

ಕುಗ್ಗಿಸಿದರೆ ಏನಾಗುತ್ತದೆ?

ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು. ಸೆಕೆಂಡಿಗೆ 25 ಚಿತ್ರಗಳು. ಒಂದು ಚುಕ್ಕಿಗೆ 24 ಬಿಟ್ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 24.9 ಕೋಟಿ ಬಿಟ್ ಆಗುತ್ತದೆ. ಆದರೆ ಡಿವಿಡಿ ವಿಡಿಯೋಗೆ ಇರುವ ಮಿತಿ ಸೆಕೆಂಡಿಗೆ 98 ಲಕ್ಷ ಬಿಟ್. ಅಂದರೆ ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತ ಕಡಿಮೆ. ಎಂಪೆಗ್-2 ಎಂಬ ವಿಧಾನ ಈ ಕೆಲಸ ಮಾಡುತ್ತದೆ. ಅದು ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಬೀಳದ ಸೂಕ್ಷ್ಮಗಳನ್ನು ಸ್ಥೂಲವಾದ ಅಂಕಿಗಳಿಗೆ ಇಳಿಸುತ್ತದೆ. ಇಳಿಸಿದ್ದು ಮರಳಿ ಬಾರದು.

ಹೀಗೆ ಒಮ್ಮೆ ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದರೆ? ಒಂದು ಸಣ್ಣ ಲೆಕ್ಕ ನೋಡಿ. 34ನ್ನು ಹತ್ತರ ಹತ್ತಿರದ ಗುಣಕಕ್ಕೆ ಇಳಿಸಿದರೆ 30 ಬರುತ್ತದೆ, ತಪ್ಪು 4. ಅದೇ 34ನ್ನು ಮೊದಲು ಆರರ ಗುಣಕಕ್ಕೆ ತಂದರೆ 36. ಆ 36ನ್ನು ಹತ್ತರ ಗುಣಕಕ್ಕೆ ತಂದರೆ 40. ಈಗ ತಪ್ಪು 6. ನಕಲಿನ ನಕಲಿನಲ್ಲಿ ಮುಖದ ಅಂಚುಗಳು ಚೌಕಚೌಕವಾಗಿ ಕಾಣುವುದಕ್ಕೆ ಇಂಥ ತಪ್ಪುಗಳೇ ಕಾರಣ.

ಇನ್ನೊಂದು ಲೆಕ್ಕ. ಎರಡು ಪದರದ ಡಿವಿಡಿಯೊಂದರಲ್ಲಿ ಎರಡೂವರೆ ಗಂಟೆಯ ಚಿತ್ರ 660 ಕೋಟಿ ಬೈಟ್, ಮೆನು ಮತ್ತು ಸಂದರ್ಶನಗಳು 110 ಕೋಟಿ ಬೈಟ್ ಇವೆ ಎನ್ನಿ. ಇದನ್ನು ಒಂದು ಪದರದ ಡಿವಿಡಿಗೆ ಇಳಿಸಬೇಕು. 460 ಕೋಟಿ ಬೈಟ್ ಬಳಸೋಣ. ಮೆನು, ಸಂದರ್ಶನಗಳನ್ನು ಮುಟ್ಟದೆ ಹಾಗೆಯೇ ಇಟ್ಟರೆ ಚಿತ್ರಕ್ಕೆ ಉಳಿಯುವುದು 350 ಕೋಟಿ ಬೈಟ್. ಸೆಕೆಂಡಿಗೆ 58.7 ಲಕ್ಷ ಬಿಟ್ ಇದ್ದದ್ದು 31 ಲಕ್ಷಕ್ಕೆ ಇಳಿಯಿತು. ಇಷ್ಟೇ ಅಲ್ಲ. ಮೊದಲು ಹತ್ತು ಲಕ್ಷನೆಯ ಸೆಕ್ಟರಿನಲ್ಲಿದ್ದ ಹಾಡು ಈಗ ಸುಮಾರು 5 ಲಕ್ಷ 30 ಸಾವಿರದ ಆಸುಪಾಸಿಗೆ ಬಂದಿರುತ್ತದೆ. ಪುಸ್ತಕದ ಪುಟಗಳು ಕಡಿಮೆಯಾದವು, ಪರಿವಿಡಿ ಹಳೆಯದೇ ಉಳಿಯಿತು! ಆದ್ದರಿಂದ ಮೆನು ಉಳಿಸಿಕೊಂಡು ಕುಗ್ಗಿಸುವ ತಂತ್ರಾಂಶವು ಐಎಫ್‌ಒದಲ್ಲಿರುವ ವಿಳಾಸಗಳನ್ನೆಲ್ಲ ಹೊಸದಾಗಿ ಬರೆಯಲೇಬೇಕು. ಬರೆಯದಿದ್ದರೆ ಹಾಡಿನ ಗುಂಡಿ ಒತ್ತಿದಾಗ ಯುದ್ಧದ ದೃಶ್ಯ ಬರಬಹುದು, ಇಲ್ಲವೆ ಯಂತ್ರವೇ ನಿಂತುಹೋಗಬಹುದು.

ಸರಿಯಾದ ಕ್ರಮ

ಖಾಲಿ ಡಿವಿಡಿಯಲ್ಲದೆ ಬೇರೆ ಜಾಗವಿಲ್ಲದ ಕಾಲದಲ್ಲಿ ಈ ಕುಗ್ಗಿಸುವಿಕೆ ಅನಿವಾರ್ಯವಾಗಿತ್ತು. ಈಗ 64 ಗಿಗಾಬೈಟ್‌ನ ಪೆನ್‌ಡ್ರೈವ್‌ನಲ್ಲಿ ತುಂಬಿದ ಎರಡು ಪದರದ ಡಿವಿಡಿಗಳು ಏಳು ಹಿಡಿಸುತ್ತವೆ. ಹಾಗಾಗಿ ಮೂಲಪ್ರತಿಯನ್ನು ಕುಗ್ಗಿಸಬೇಡಿ. ಈ ಕ್ರಮ ಅನುಸರಿಸಿ.

1. ಡಿವಿಡಿಯನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿಸಿ ಒರೆಸಬೇಡಿ.

2. ಗಣಕಕ್ಕೆ ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ಬಳಸಿ ಇಡೀ ಡಿಸ್ಕನ್ನು 'ಐಎಸ್‌ಒ' ಎಂಬ ಒಂದೇ ಕಡತವಾಗಿ ಓದಿಸಿ. ಸೆಕ್ಟರಿಗೆ ಸೆಕ್ಟರ್ ಇದ್ದಂತೆಯೇ ಬರುವುದರಿಂದ ಮೆನು, ವಿಳಾಸ ಯಾವುದೂ ಕೆಡುವುದಿಲ್ಲ.

3. ಗೀರು ಬಿದ್ದ ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಮೊದಲು ಸುಲಭವಾಗಿ ಸಿಗುವ ಭಾಗಗಳನ್ನು ತೆಗೆದುಕೊಂಡು, ಬಿಟ್ಟುಹೋದ ಸೆಕ್ಟರುಗಳನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಓದದ ಸೆಕ್ಟರನ್ನು ಇನ್ನೊಂದು ಡ್ರೈವ್ ಓದಬಹುದು.

4. ವಿಎಲ್‌ಸಿ ತಂತ್ರಾಂಶದಲ್ಲಿ ಐಎಸ್‌ಒ ತೆರೆದು ಮೆನುವಿನ ಒಂದೊಂದು ಗುಂಡಿಯನ್ನೂ ಒತ್ತಿ ಪರೀಕ್ಷಿಸಿ.

5. ಕಡತದ ಶಾ-256 ಮೊತ್ತವನ್ನು ಲೆಕ್ಕ ಹಾಕಿಸಿ ಬರೆದಿಡಿ. ಮುಂದೆ ಅದರಲ್ಲಿ ಒಂದು ಬಿಟ್ ಬದಲಾದರೂ ಈ ಮೊತ್ತ ಬೇರೆಯಾಗಿ ಗೊತ್ತಾಗುತ್ತದೆ.

6. ಮೂರು ಪ್ರತಿ ಇಡಿ; ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ; ಒಂದು ಬೇರೆ ಊರಿನಲ್ಲಿ. ತುಮಕೂರಿನ ಮನೆಗೆ ನೀರು ನುಗ್ಗಿದರೂ ಕುಣಿಗಲ್ಲಿನ ಚಿಕ್ಕಪ್ಪನ ಮನೆಯ ಪ್ರತಿ ಉಳಿಯುತ್ತದೆ.

ಮೊಬೈಲಿನಲ್ಲಿ ನೋಡಲು ಎಂಪಿ4 ಬೇಕಾದರೆ ಐಎಸ್‌ಒದಿಂದ ಬೇರೆಯಾಗಿ ಮಾಡಿಕೊಳ್ಳಿ. ಅದು ನೋಡುವ ಪ್ರತಿ, ಕಾಪಿಡುವ ಪ್ರತಿಯಲ್ಲ.

ಚಿತ್ರವನ್ನಷ್ಟೇ ಅಲ್ಲ, ರಚನೆಯನ್ನೂ ಉಳಿಸಬೇಕೆಂಬ ಪಾಠವನ್ನು ದೊಡ್ಡ ಸಂಸ್ಥೆಗಳೂ ಕಲಿಯಬೇಕಾಯಿತು. 1086ರ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದ ನೆನಪಿಗೆ ಬಿಬಿಸಿಯು 1986ರಲ್ಲಿ ಲೇಸರ್ ಡಿಸ್ಕುಗಳಲ್ಲಿ ಬ್ರಿಟನ್ನಿನ ಜನಜೀವನವನ್ನು ದಾಖಲಿಸಿತು. 2002ರ ವೇಳೆಗೆ ಅದನ್ನು ಓದುವ ಯಂತ್ರಗಳೇ ಅಪರೂಪವಾಗಿದ್ದವು. ಸಂಶೋಧಕರು ಹಳೆಯ ಗಣಕದಂತೆಯೇ ವರ್ತಿಸುವ ತಂತ್ರಾಂಶ ಬರೆದು ಅದನ್ನು ಮತ್ತೆ ತೆರೆಯಬೇಕಾಯಿತು. ಚರ್ಮದ ಹಾಳೆಯ ಮೂಲ ಪುಸ್ತಕವನ್ನಾದರೋ ಇಂದಿಗೂ ಬರಿಗಣ್ಣಿನಿಂದ ಓದಬಹುದು!

ಕಾನೂನು ಏನು ಹೇಳುತ್ತದೆ?

ನಿಮ್ಮದೇ ಸಮಾರಂಭದ ಡಿವಿಡಿಯಿಂದ ಆರಂಭಿಸುವುದು ಒಳ್ಳೆಯದು. ಮಾರಾಟದ ಅನೇಕ ಡಿವಿಡಿಗಳಿಗೆ ಗೂಢಲಿಪಿಯ ಬೀಗವಿರುತ್ತದೆ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗ ಮುರಿಯುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ ಅಪರಾಧ. ಎರಡು ವರ್ಷದವರೆಗೆ ಸೆರೆವಾಸವಾಗಬಹುದು. ಖಾಸಗಿ ಬಳಕೆಗೆ ಮತ್ತು ಸಂಶೋಧನೆಗೆ ನ್ಯಾಯವಾದ ಮಿತಿಯಲ್ಲಿ ಕಾಯಿದೆ ಅವಕಾಶ ಕೊಟ್ಟಿದೆ, ಪ್ರತಿ ಮಾಡಿ ಹಂಚುವುದಕ್ಕಲ್ಲ. ಚಲನಚಿತ್ರದ ಕೃತಿಸ್ವಾಮ್ಯ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಈ ಲೆಕ್ಕದಲ್ಲಿ 1954ರ ಚಿತ್ರದ ಅವಧಿ 2014ರ ಕೊನೆಗೆ ಮುಗಿಯಿತು. ಆದರೆ ಅದೇ ಡಿವಿಡಿಯಲ್ಲಿರುವ ಹೊಸ ಸಂದರ್ಶನಕ್ಕೆ, ಹಾಡಿನ ಸಾಹಿತ್ಯಕ್ಕೆ ಬೇರೆ ಹಕ್ಕುಗಳಿರಬಹುದೆಂಬುದನ್ನು ಮರೆಯಬಾರದು.

ನೀವೇ ಮಾಡಿ ನೋಡಿ

ನಿಮ್ಮ ಶಾಲೆಯಲ್ಲಿ ಅಥವಾ ಕಾಲೇಜಿನಲ್ಲಿ ಎಷ್ಟು ಡಿವಿಡಿಗಳಿವೆ ಎಂದು ಅಧ್ಯಾಪಕರ ಅನುಮತಿ ಪಡೆದು ಎಣಿಸಿ. ಪ್ರತಿಯೊಂದರ ಹೆಸರು, ವರ್ಷ, ಸ್ಥಿತಿಯನ್ನು ನೋಟ್‌ಪುಸ್ತಕದಲ್ಲಿ ಪಟ್ಟಿ ಮಾಡಿ. ಬರೆದ ಡಿಸ್ಕುಗಳನ್ನೂ ಗೀರು ಬಿದ್ದವುಗಳನ್ನೂ ಮೊದಲು ಓದಿಸಿ. ನಾಟಕದ ಡಿವಿಡಿಯಾಗಿದ್ದರೆ ಅದರಲ್ಲಿ ಪಾತ್ರ ಮಾಡಿದವರನ್ನು ಹುಡುಕಿ, ಯಾರು ಯಾವ ಪಾತ್ರ, ಹಾರ್ಮೋನಿಯಂ ನುಡಿಸಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಆ ಹಾಳೆಯ ಛಾಯಾಪ್ರತಿಯನ್ನು ಐಎಸ್‌ಒ ಕಡತದ ಪಕ್ಕದಲ್ಲೇ ಇಡಿ. ಡಿಸ್ಕನ್ನು ಯಾವಾಗ ಬೇಕಾದರೂ ಓದಿಸಬಹುದು ಎಂದು ಮುಂದೂಡಬೇಡಿ. ಹೆಸರುಗಳನ್ನು ಹೇಳಬಲ್ಲ ಹಿರಿಯರ ವಿಷಯದಲ್ಲಂತೂ ಒಂದು ವರ್ಷವೂ ತಡಮಾಡಬೇಡಿ.