ಆಂಬುಲೆನ್ಸ್ ಹತ್ತುವವರಿಗೆ ವಿಶ್ವವಿದ್ಯಾಲಯದ ಓದು ಏಕೆ ಬೇಕು?

ಬ್ರಿಟನ್ನಿನಲ್ಲಿ ಯಾರು ಬೇಕಾದರೂ ತಮ್ಮನ್ನು ಪ್ಯಾರಾಮೆಡಿಕ್ ಎಂದು ಕರೆದುಕೊಳ್ಳುವಂತಿಲ್ಲ. ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳದೆ ಆ ಹೆಸರು ಬಳಸುವುದು ಅಲ್ಲಿ ಅಪರಾಧ. ಮೊದಲು ಪದವಿಗಿಂತ ಕೆಳಗಿನ ಸರ್ಟಿಫಿಕೇಟ್ ಮಟ್ಟದ ಓದು ಮುಗಿಸಿದವರಿಗೂ ಈ ನೋಂದಣಿ ಸಿಗುತ್ತಿತ್ತು. 2021ರ ಸೆಪ್ಟೆಂಬರ್ 1ರಿಂದ ಕನಿಷ್ಠ ಅರ್ಹತೆಯನ್ನು ಆನರ್ಸ್ ಪದವಿಗೆ ಏರಿಸಲಾಯಿತು. ಹೀಗಾಗಿ ಇಂದು ಆ ವೃತ್ತಿಗೆ ಬರಬೇಕೆನ್ನುವ ಹದಿನೆಂಟರ ಹುಡುಗ ಹುಡುಗಿಯರು ವೈದ್ಯಕೀಯ, ಕಾನೂನು ಓದುವವರಂತೆಯೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಾರೆ. ಗಾಯಾಳುವನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಆಕ್ಸಿಜನ್ ಹಾಕಿ, ಸೈರನ್ ಒತ್ತಿ ಆಸ್ಪತ್ರೆಗೆ ಓಡಿಸುವ ಕೆಲಸಕ್ಕೆ ಮೂರು ವರ್ಷದ ಪದವಿ ಬೇಕೇ ಎಂಬ ಪ್ರಶ್ನೆ ಅಲ್ಲೂ ಎದ್ದಿತ್ತು, ನಮ್ಮಲ್ಲೂ ಏಳುತ್ತದೆ. ಬೇಕು ಎಂಬುದು ನನ್ನ ವಾದ. ಆದರೆ ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ. ಹೆಚ್ಚು ಔಷಧ, ಹೆಚ್ಚು ಉಪಕರಣ, ಹೆಚ್ಚು ಕೈಚಳಕ ಕಲಿಸುವುದಕ್ಕಾಗಿ ಪದವಿ ಬೇಕಿಲ್ಲ. ಯಾವಾಗ ಏನನ್ನು ಮಾಡಬಾರದು ಎಂದು ತೀರ್ಮಾನಿಸುವ ಬುದ್ಧಿಯನ್ನು ಬೆಳೆಸುವುದಕ್ಕಾಗಿ ಬೇಕು.

ಆ ಕೆಲಸ ಈಗ ಏನಾಗಿದೆ ಎಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಆಂಬುಲೆನ್ಸ್‌ಗೆ ಬರುವ ಕರೆಗಳೆಲ್ಲ ಹೃದಯಾಘಾತ, ಅಪಘಾತಗಳಲ್ಲ. ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿ, ಸಕ್ಕರೆ ಇಳಿದು ಬೆವರುತ್ತಿರುವ ಮಧುಮೇಹಿ, ರಾತ್ರಿಯೆಲ್ಲ ಉಸಿರಾಡಲು ಒದ್ದಾಡಿದ ಆಸ್ತಮಾ ರೋಗಿ, ಬದುಕೇ ಬೇಡ ಎನ್ನುತ್ತಿರುವ ಯುವಕ, ಇಂಥವರೇ ಬಹಳ. ಇಂಗ್ಲೆಂಡಿನಲ್ಲಿ ಇವುಗಳ ದೊಡ್ಡ ಪಾಲು ಆಸ್ಪತ್ರೆಯವರೆಗೆ ಹೋಗುವುದಿಲ್ಲ. ಫೋನಿನಲ್ಲೋ ರೋಗಿಯ ಮನೆಯಲ್ಲೋ ಮುಗಿಯುತ್ತದೆ. ರೋಗಿಯನ್ನು ಗಾಡಿಗೆ ಹತ್ತಿಸಿ ಕರೆದೊಯ್ಯುವುದು ಸುಲಭ. ‘ನೀವು ಮನೆಯಲ್ಲೇ ಇರಬಹುದು’ ಎಂದು ಹೇಳಿ ಹೊರಡುವುದು ಕಷ್ಟ. ಆ ಮಾತು ತಪ್ಪಾದರೆ ಒಂದು ಜೀವ ಹೋಗುತ್ತದೆ. ಹೃದಯಾಘಾತದಲ್ಲೂ ಅಷ್ಟೆ: ಮನೆಯಲ್ಲೇ ಇಸಿಜಿ ತೆಗೆದು ಓದಿ, ಹತ್ತಿರದ ಆಸ್ಪತ್ರೆಯನ್ನು ದಾಟಿ, ಆಂಜಿಯೋಪ್ಲಾಸ್ಟಿ ಸೌಲಭ್ಯವಿರುವ ದೂರದ ಆಸ್ಪತ್ರೆಗೆ ಹೋಗುವ ನಿರ್ಧಾರವನ್ನು ಆ ಕ್ಷಣದಲ್ಲಿ ಪ್ಯಾರಾಮೆಡಿಕ್ ತೆಗೆದುಕೊಳ್ಳಬೇಕು. ಎದುರಿಗೆ ಕಾಣುವ ಆಸ್ಪತ್ರೆಯನ್ನು ಬಿಟ್ಟು ಏಕೆ ಮುಂದೆ ಹೋಗುತ್ತಿದ್ದೀರಿ ಎಂದು ಅಳುತ್ತಾ ಕೇಳುವ ಮಗಳಿಗೆ ಉತ್ತರವನ್ನೂ ಕೊಡಬೇಕು. 2018ರಿಂದ ಹೆಚ್ಚಿನ ತರಬೇತಿ ಪಡೆದ ಪ್ಯಾರಾಮೆಡಿಕ್‌ಗಳಿಗೆ ಅಲ್ಲಿ ಸ್ವತಂತ್ರವಾಗಿ ಔಷಧ ಬರೆದುಕೊಡುವ ಅಧಿಕಾರವೂ ಇದೆ.

ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಸಂಶೋಧನೆಯ ಕಡೆಯಿಂದಲೇ ಬರುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಇಯನ್ ಸ್ಟೀಲ್ ಮತ್ತು ಸಂಗಡಿಗರು ನಡೆಸಿದ ಓಪಲ್ಸ್ ಎಂಬ ದೊಡ್ಡ ಅಧ್ಯಯನ, ಆಂಬುಲೆನ್ಸ್ ಸಿಬ್ಬಂದಿಗೆ ಉನ್ನತ ತರಬೇತಿ ಕೊಟ್ಟರೆ ಎಷ್ಟು ಜೀವ ಉಳಿಯುತ್ತದೆ ಎಂದು ಅಳೆಯಿತು. 2004ರಲ್ಲಿ ಬಂದ ಫಲಿತಾಂಶ ಅನೇಕರ ಉತ್ಸಾಹ ಇಳಿಸಿತು. ಹೃದಯಸ್ತಂಭನವಾದವರಲ್ಲಿ ಬದುಕಿದವರು ಬೇಗ ಡಿಫಿಬ್ರಿಲೇಟರ್ ಸಿಕ್ಕ ಹಂತದಲ್ಲಿ ಶೇ 5.0, ಅದಕ್ಕೆ ಶ್ವಾಸನಾಳಕ್ಕೆ ನಳಿಕೆ ಹಾಕುವ, ರಕ್ತನಾಳಕ್ಕೆ ಔಷಧ ಕೊಡುವ ಉನ್ನತ ಚಿಕಿತ್ಸೆ ಸೇರಿದ ಮೇಲೆ ಶೇ 5.1. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. 2008ರಲ್ಲಿ ಬಂದ ಗಾಯಾಳುಗಳ ಲೆಕ್ಕ ಇನ್ನೂ ಕಹಿ: ಪ್ರಜ್ಞೆ ತೀರಾ ಕುಗ್ಗಿದ್ದವರಲ್ಲಿ ಬದುಕಿದವರ ಪ್ರಮಾಣ ಶೇ 60.0ರಿಂದ 50.9ಕ್ಕೆ ಇಳಿದಿತ್ತು. ಉಸಿರಾಟದ ತೊಂದರೆಯ ರೋಗಿಗಳಲ್ಲಿ ಮಾತ್ರ ಸಾವು ಶೇ 14.3ರಿಂದ 12.4ಕ್ಕೆ ಇಳಿದದ್ದು 2007ರ ವರದಿಯಲ್ಲಿ ಕಂಡಿತು. ಹೆಚ್ಚು ಓದಿಸಿದರೆ ಹೆಚ್ಚು ಜೀವ ಉಳಿಯುತ್ತದೆ ಎಂಬ ಸರಳ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಆದರೆ ಈ ಅಂಕಿಗಳು ತೂಗಿದ್ದು ಚಿಕಿತ್ಸೆಯ ಪಟ್ಟಿಯನ್ನು. ಕೈಗೆ ಹೊಸ ಕೌಶಲ ಬಂದಾಗ ಅದನ್ನು ಬಳಸುವ ಆಸೆಯೂ ಬರುತ್ತದೆ. ರಸ್ತೆ ಬದಿಯಲ್ಲಿ ನಳಿಕೆ ಹಾಕುತ್ತಾ ಕಳೆದ ನಿಮಿಷಗಳು ಆಪರೇಷನ್ ಥಿಯೇಟರ್ ತಲುಪಬೇಕಾದವನ ನಿಮಿಷಗಳು. ಹಾಗಾಗಿ ಓಪಲ್ಸ್ ಅಧ್ಯಯನ ಪದವಿಯನ್ನು ಬೇಡ ಎನ್ನುತ್ತದೆ ಎಂದು ನಾನು ಓದಿಕೊಳ್ಳುವುದಿಲ್ಲ. ಯಾರಿಗೆ ಉನ್ನತ ಚಿಕಿತ್ಸೆ ಬೇಕು, ಯಾರನ್ನು ತಡಮಾಡದೆ ಹೊತ್ತೊಯ್ಯಬೇಕು ಎಂದು ವಿಂಗಡಿಸುವ ವಿವೇಕ ಬೇಕು ಎನ್ನುತ್ತದೆ. ಆ ವಿವೇಕ ಬರಬೇಕಾದರೆ ಇಂಥ ಅಧ್ಯಯನಗಳನ್ನು ಸ್ವತಃ ಓದಿ, ಅನುಮಾನಿಸಿ, ತನ್ನ ಅಭ್ಯಾಸವನ್ನು ತಿದ್ದಿಕೊಳ್ಳಲು ಬರಬೇಕು. ಬ್ರಿಟನ್ನಿನ ಪ್ಯಾರಾಮೆಡಿಕ್‌ಗಳು ಅದಕ್ಕೂ ಮುಂದೆ ಹೋದರು. ಹೃದಯ ನಿಂತವರಿಗೆ ಅಡ್ರಿನಲಿನ್ ಕೊಡುವುದು ದಶಕಗಳ ರೂಢಿ. ಅದು ನಿಜಕ್ಕೂ ಉಪಕಾರಿಯೇ ಎಂದು ಪ್ಯಾರಾಮೆಡಿಕ್-2 ಎಂಬ ಪ್ರಯೋಗ 8,014 ರೋಗಿಗಳಲ್ಲಿ ಪರೀಕ್ಷಿಸಿತು. ಔಷಧವನ್ನೋ ಬರೀ ಲವಣಜಲವನ್ನೋ ಕೊಟ್ಟವರು ಆಂಬುಲೆನ್ಸ್ ಸಿಬ್ಬಂದಿಯೇ. 2018ರ ಫಲಿತಾಂಶದಂತೆ, 30 ದಿನಗಳ ನಂತರ ಬದುಕಿದ್ದವರು ಅಡ್ರಿನಲಿನ್ ಪಡೆದವರಲ್ಲಿ ಶೇ 3.2, ಪಡೆಯದವರಲ್ಲಿ ಶೇ 2.4. ಆದರೆ ಬದುಕಿ ಆಸ್ಪತ್ರೆಯಿಂದ ಹೊರಬಂದವರಲ್ಲಿ ಮೆದುಳಿಗೆ ತೀವ್ರ ಹಾನಿಯಾಗಿದ್ದವರು ಕ್ರಮವಾಗಿ ಶೇ 31.0 ಮತ್ತು 17.8. ಇಂಥ ಫಲಿತಾಂಶವನ್ನು ಕೈಯಲ್ಲಿಟ್ಟುಕೊಂಡು ಮನುಷ್ಯನೊಬ್ಬನ ಪಕ್ಕದಲ್ಲಿ ಮಂಡಿಯೂರುವವರಿಗೆ ಕೆಲವು ವಾರಗಳ ತರಬೇತಿ ಸಾಲುವುದಿಲ್ಲ.

ಇನ್ನೊಂದು ಆಕ್ಷೇಪ ಇತಿಹಾಸದ್ದು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶುರುವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆಯಲ್ಲಿದ್ದವರು ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ಕಪ್ಪು ಯುವಕರು. ಅವರಲ್ಲಿ ಅನೇಕರು ನಿರುದ್ಯೋಗಿಗಳು, ಕೆಲವರು ಶಾಲೆಯನ್ನೇ ಮುಗಿಸಿರಲಿಲ್ಲ. ಆ ದೇಶದ ಪ್ಯಾರಾಮೆಡಿಕ್ ಸೇವೆಗೆ ಮಾದರಿ ಹಾಕಿಕೊಟ್ಟದ್ದು ಅವರೇ. ಪದವಿಯಿಲ್ಲದೆ ಅವರು ಸಾಧಿಸಲಿಲ್ಲವೇ? ಸಾಧಿಸಿದರು, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರಿಗೆ ಕಲಿಸಿದವರು ಸಿಪಿಆರ್ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದ ಡಾ. ಪೀಟರ್ ಸಾಫರ್, ಆಮೇಲೆ ಜೊತೆ ನಿಂತವರು ಡಾ. ನ್ಯಾನ್ಸಿ ಕ್ಯಾರೊಲಿನ್. ಆಸ್ಪತ್ರೆಯ ಒಳಗೇ ಪಾಠ, ಪ್ರತಿ ಪ್ರಕರಣದ ಮೇಲೂ ಚರ್ಚೆ. ಅಂಥ ಗುರುಗಳು ಪ್ರತಿ ಜಿಲ್ಲೆಗೂ ಸಿಗುವುದಿಲ್ಲ. 1975ರಲ್ಲಿ ಆ ಸೇವೆಯೇ ನಿಂತಾಗ, ಕಲಿತವರ ಕೈಯಲ್ಲಿ ಎಲ್ಲರೂ ಒಪ್ಪುವ ವಿದ್ಯಾರ್ಹತೆ ಇರದಿದ್ದದ್ದು ಅವರ ವಿರುದ್ಧ ಬಳಸಲು ಸುಲಭವಾಯಿತು. ಬಡವರ ಮನೆಯ ಮಕ್ಕಳಿಗೆ ಪದವಿ ಅಡ್ಡಿ ಎನ್ನುವವರು ಇದನ್ನೂ ನೆನೆಯಬೇಕು: ಪದವಿ ಅವರಿಗೆ ರಕ್ಷಣೆಯೂ ಹೌದು.

ಹಾಗೆಂದು ಖರ್ಚಿನ ಮಾತನ್ನು ತಳ್ಳಿಹಾಕಲಾಗದು. ಇಂಗ್ಲೆಂಡಿನಲ್ಲಿ ವರ್ಷದ ಗರಿಷ್ಠ ಶುಲ್ಕ 2025-26ರಲ್ಲಿ 9,535 ಪೌಂಡ್ ಇತ್ತು. ಇದಕ್ಕೆದುರಾಗಿ ಅಲ್ಲಿನ ಸರ್ಕಾರ ಅರ್ಹ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಕನಿಷ್ಠ 5,000 ಪೌಂಡ್ ಮರುಪಾವತಿಸಬೇಕಿಲ್ಲದ ನೆರವು ಕೊಡುತ್ತದೆ. ಆಂಬುಲೆನ್ಸ್ ಸೇವೆಯಲ್ಲಿ ಸಂಬಳ ಪಡೆಯುತ್ತಲೇ ಪದವಿ ಮುಗಿಸುವ ಅಪ್ರೆಂಟಿಸ್ ದಾರಿಯೂ ಇದೆ. ನನಗೆ ಈ ಎರಡನೆಯ ದಾರಿಯೇ ಹೆಚ್ಚು ನ್ಯಾಯವೆನಿಸುತ್ತದೆ.

ಅಲ್ಲಿನ ಅರ್ಜಿಯ ಕ್ರಮದಲ್ಲೂ ಕಲಿಯುವುದಿದೆ. ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಐದು ಆಯ್ಕೆಗಳಿಗೆ ಅರ್ಜಿ; ಜೊತೆಗೆ ತಾನೇಕೆ ಈ ಓದನ್ನು ಬಯಸುತ್ತೇನೆ ಎಂಬ ಬರಹ. ಅಂಕ ಸಾಕಷ್ಟಿದ್ದರೂ ಸಾಮಾನ್ಯವಾಗಿ ಸಂದರ್ಶನ ದಾಟಬೇಕು. ಕುಡಿದು ಬೈಯುವ ರೋಗಿಯೊಡನೆ ಹೇಗೆ ಮಾತಾಡುತ್ತೀರಿ, ಸಹೋದ್ಯೋಗಿಯ ತಪ್ಪು ಕಂಡರೆ ಏನು ಮಾಡುತ್ತೀರಿ ಎಂಬಂಥ ಪ್ರಶ್ನೆಗಳಿಂದ ಸ್ವಭಾವವನ್ನು ತೂಗುತ್ತಾರೆ. ಪೊಲೀಸ್ ದಾಖಲೆ, ಆರೋಗ್ಯ, ಅನೇಕ ಕಡೆ ವಾಹನ ಪರವಾನಗಿಯನ್ನೂ ನೋಡುತ್ತಾರೆ. ಓದಿನ ದೊಡ್ಡ ಪಾಲು ಆಂಬುಲೆನ್ಸ್ ಮತ್ತು ಆಸ್ಪತ್ರೆಗಳಲ್ಲೇ ನಡೆಯುತ್ತದೆ.

ಇನ್ನು ನಮ್ಮ ಕರ್ನಾಟಕದಲ್ಲಿ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಪೈಲಟ್ ಎಂದು ಕರೆಸಿಕೊಳ್ಳುವ ಚಾಲಕರೂ ಇಎಂಟಿ ಎನ್ನುವ ತುರ್ತು ವೈದ್ಯಕೀಯ ತಂತ್ರಜ್ಞರೂ ಹೊಲದ ಬದುವಿನಿಂದ, ಘಾಟಿಯ ತಿರುವಿನಿಂದ ಎಷ್ಟೋ ಜೀವಗಳನ್ನು ತಂದು ಉಳಿಸಿದ್ದಾರೆ. ಇಎಂಟಿಗಳು ಹೆಚ್ಚಾಗಿ ನರ್ಸಿಂಗ್ ಅಥವಾ ವಿಜ್ಞಾನ ಓದಿ, ಮೇಲೆ ಅಲ್ಪಾವಧಿಯ ತರಬೇತಿ ಪಡೆದವರು. ನರ್ಸಿಂಗ್ ಓದಿದವರೇ ಸಾಕಲ್ಲ ಎಂಬ ಮಾತಿದೆ. ನರ್ಸಿಂಗ್ ಒಂದು ದೊಡ್ಡ ವಿದ್ಯೆ; ಆದರೆ ಅದು ವೈದ್ಯರು, ಪ್ರಯೋಗಾಲಯ, ಬೆಳಕು ಇರುವ ವಾರ್ಡಿನಲ್ಲಿ ಕಲಿತದ್ದು. ಶಿರಾಡಿ ಘಾಟಿಯ ಮಳೆಯಲ್ಲಿ, ಮಗುಚಿದ ಬಸ್ಸಿನೆದುರು, ಮೊದಲು ಯಾರನ್ನು ಎತ್ತಬೇಕು ಎಂಬುದು ಬೇರೆಯದೇ ವಿದ್ಯೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ತುರ್ತು ಮತ್ತು ಅಪಘಾತ ಚಿಕಿತ್ಸಾ ತಂತ್ರಜ್ಞಾನದ ಬಿಎಸ್ಸಿ ಇದೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರು ಸೇರಬಹುದು. 2021ರಲ್ಲೇ ಸಂಸತ್ತು ಒಪ್ಪಿದ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ, ಆರೋಗ್ಯ ವೃತ್ತಿಪರರೆನಿಸಲು ಕನಿಷ್ಠ 3,600 ಗಂಟೆಗಳ ಪದವಿ ಓದು ಬೇಕೆನ್ನುತ್ತದೆ. ಕಾನೂನಿದೆ, ಕೋರ್ಸಿದೆ. ಆ ಪದವೀಧರನಿಗಾಗಿಯೇ ಮೀಸಲಾದ ಹುದ್ದೆ, ಸೇವಾ ಹಿರಿತನ, ತಿಂಗಳಿಗೆ ಸರಿಯಾಗಿ ಬರುವ ಸಂಬಳ ಇನ್ನೂ ಗಟ್ಟಿಯಾಗಿಲ್ಲ. ವೇತನ ಬಾಕಿಗಾಗಿ 108 ಸಿಬ್ಬಂದಿ ಮುಷ್ಕರದ ಮಾತಾಡಿದ್ದು ಹಲವು ಸಲ ಸುದ್ದಿಯಾಗಿದೆ. ಹೀಗಿರುವಾಗ ನೀಟ್‌ನಲ್ಲಿ ರ‍್ಯಾಂಕ್ ಸಿಗದವರು ಬೇರೆ ದಾರಿ ಕಾಣದೆ ಈ ಸೀಟು ಹಿಡಿಯುತ್ತಾರೆ. ಮುಗಿಸಿ ಕಾರ್ಪೊರೇಟ್ ಆಸ್ಪತ್ರೆಯ ತುರ್ತು ವಿಭಾಗದಲ್ಲೋ ವಿದೇಶದಲ್ಲೋ ಕೆಲಸ ಹುಡುಕುತ್ತಾರೆ. ಅವರನ್ನು ದೂರುವಂತಿಲ್ಲ.

ಸರ್ಕಾರ 108ರ ನೇಮಕಾತಿ ನಿಯಮಗಳಲ್ಲೇ ಉನ್ನತ ಚಿಕಿತ್ಸೆಯ ಆಂಬುಲೆನ್ಸ್‌ಗಳಿಗೆ ಈ ಪದವೀಧರರನ್ನು ನೇಮಿಸುವ ಷರತ್ತು ಹಾಕಬೇಕು. ಈಗಿರುವ ಇಎಂಟಿಗಳಿಗೆ ಸಂಬಳ ಕಡಿತವಿಲ್ಲದೆ ಪದವಿ ಮುಗಿಸುವ ಅವಕಾಶವನ್ನೂ ಅದರಲ್ಲೇ ಬರೆಯಬೇಕು. ಸೀಟು ಒಪ್ಪಿಕೊಳ್ಳುವ ವಿದ್ಯಾರ್ಥಿ ಮತ್ತು ಪೋಷಕರು ಕಾಲೇಜಿನಲ್ಲಿ ಹಾಸ್ಟೆಲ್, ಪ್ಲೇಸ್‌ಮೆಂಟ್ ವಿಚಾರಿಸುವ ಮೊದಲು ಒಂದು ಮಾತು ಕೇಳಲಿ: ಇಂಟರ್ನ್‌ಶಿಪ್‌ನಲ್ಲಿ ಎಷ್ಟು ಗಂಟೆ ಓಡುವ ಆಂಬುಲೆನ್ಸ್‌ನಲ್ಲಿ ಕಳೆಯುತ್ತೇವೆ, ಆಗ ಪಕ್ಕದಲ್ಲಿ ಕಲಿಸುವವರು ಯಾರಿರುತ್ತಾರೆ? ತುರ್ತು ವಿಭಾಗದ ಒಳಗಷ್ಟೇ ನಿಲ್ಲಿಸಿ ಕಲಿಸುವ ಕಾಲೇಜು ಈ ಎರಡು ಪ್ರಶ್ನೆಗಳಿಗೆ ಉತ್ತರಿಸಲಾರದು. ಅಂಥಲ್ಲಿ ಸೀಟು ಸುಲಭವಾಗಿ ಸಿಕ್ಕಿತೆಂದು ಸೇರುವುದಕ್ಕಿಂತ ಪಟ್ಟಿಯಲ್ಲಿರುವ ಇನ್ನೊಂದು ಕಾಲೇಜಿಗೆ ಹೋಗಿ ಇದೇ ಪ್ರಶ್ನೆ ಕೇಳುವುದು ಲೇಸು.