ಕೂಡಿಸುವ ಕಾರ್ಡೂ ಬಿಡಿಸುವ ಹೊಣೆಯೂ

ನೆಟ್‌ವರ್ಕ್ ಕಾರ್ಡು ತಾನಾಗಿಯೇ ಪ್ಯಾಕೆಟ್ಟುಗಳನ್ನು ಕೂಡಿಸಿ ಕೊಡಬಲ್ಲುದಾದರೆ ಡ್ರೈವರ್ ಬರೆಯುವವನಿಗೆ ಉಳಿಯುವ ಕೆಲಸ ಒಂದು ಫ್ಲ್ಯಾಗನ್ನು ಏರಿಸುವುದಷ್ಟೇ ಎಂಬ ಮಾತನ್ನು, ಬೆಂಗಳೂರಿನಲ್ಲಿ ಈ ಕಸುಬಿನಿಂದ ಅನ್ನ ತಿನ್ನುತ್ತ ಬಂದ ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಬಾಯಿಗಳಿಂದ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. "ಹಾರ್ಡ್‌ವೇರೇ ಮಾಡುತ್ತಲ್ಲ ಸಾರ್, ಎನೇಬಲ್ ಮಾಡಿದರೆ ಆಯ್ತು" ಎಂದು ಮೊನ್ನೆಯೂ ಒಬ್ಬ ತರುಣ ಸಹೋದ್ಯೋಗಿ, ಕಾಫಿಯ ಲೋಟವನ್ನು ಕೆಳಗಿಡುವಷ್ಟು ಶ್ರಮವನ್ನೂ ತೆಗೆದುಕೊಳ್ಳದೆ, ಹೇಳಿಬಿಟ್ಟ. ಅಂದು ಅವನಿಗೆ ಸಮಾಧಾನದಿಂದ ಹೇಳಲಾಗದೆ ಹೋದದ್ದನ್ನು, ಕೋಪ ಆರಿದ ಮೇಲೆ, ಇಲ್ಲಿ ಬರೆಯುತ್ತಿದ್ದೇನೆ.

ಆಸೆಯೇನೋ ನ್ಯಾಯವಾದುದೇ. ಹತ್ತು ಗಿಗಾಬಿಟ್ ವೇಗದ ತಂತಿಯಲ್ಲಿ 1,500 ಬೈಟುಗಳ ಪ್ಯಾಕೆಟ್ಟುಗಳು ಎಡೆಬಿಡದೆ ಬಂದರೆ ಸೆಕೆಂಡಿಗೆ ಸುಮಾರು 8,12,000 ಆಗುತ್ತವೆ. ನೂರು ಗಿಗಾಬಿಟ್ಟಿನಲ್ಲಾದರೆ ಒಂದೊಂದರ ಪಾಲಿಗೆ ಬರುವ ಕಾಲಾವಕಾಶ ಸುಮಾರು 123 ನ್ಯಾನೋಸೆಕೆಂಡು ಮಾತ್ರ. ಅಷ್ಟರೊಳಗೆ ಪ್ರತಿಯೊಂದನ್ನೂ ಐಪಿ, ಟಿಸಿಪಿಗಳ ಮೆಟ್ಟಿಲು ಹತ್ತಿಸಿ ಸಾಕೆಟ್ಟಿಗೆ ಮುಟ್ಟಿಸುವುದಕ್ಕಿಂತ, ಒಂದೇ ಸಂಪರ್ಕಕ್ಕೆ ಸೇರಿದ 1,448 ಬೈಟುಗಳ 45 ತುಂಡುಗಳನ್ನು 64 ಕಿಲೋಬೈಟಿನ ಮಿತಿಯೊಳಗೆ ಜೋಡಿಸಿ ಒಂದೇ ಸಲಕ್ಕೆ ಹತ್ತಿಸಿದರೆ ಪ್ರೊಸೆಸರಿಗೆ ಉಸಿರಾಡಲು ಬಿಡುವಾಗುತ್ತದೆ. ಇಲ್ಲಿಯವರೆಗೆ ನನಗೂ ಆ ತರುಣನಿಗೂ ಜಗಳವಿಲ್ಲ.

ಕೂಡಿಸುವ ವಿದ್ಯೆ ಸುಲಭ. ತೊಡಕು ಹುಟ್ಟುವುದು ಬಿಡಿಸಬೇಕಾಗಿ ಬಂದಾಗ. ಒಬ್ಬ ರೈತನ 45 ಚೀಲ ರಾಗಿಯನ್ನು ಒಂದೇ ರಾಶಿಯಾಗಿ ಸುರಿದರೆ, ಅದು ಆ ಮನೆಯಲ್ಲಿಯೇ ಉಣ್ಣುವ ರಾಗಿಯಾಗಿದ್ದ ಪಕ್ಷದಲ್ಲಿ ಚೀಲದ ಅಳತೆ ಎಷ್ಟಿತ್ತೆಂದು ಯಾರೂ ಕೇಳರು. ಅದೇ ರಾಗಿ ಮುಂದಿನ ಊರಿನ ಮಂಡಿಗೆ ಹೋಗತಕ್ಕದ್ದಾಗಿ, ದಾರಿಯ ಗಾಡಿಯೋ ಒಂದು ಸಲಕ್ಕೆ ಒಂದು ಚೀಲಕ್ಕಿಂತ ಹೆಚ್ಚು ಹೊರಲಾರದ್ದಾಗಿದ್ದರೆ, ಅಳತೆ ಬರೆದಿಡದೆ ಸುರಿದವನನ್ನು ಎಲ್ಲರೂ ಶಪಿಸುವರು. ಲಿನಕ್ಸಿನಲ್ಲಿ ಮೊದಲು ಬಂದ ಎಲ್‌ಆರ್‌ಒ (ಲಾರ್ಜ್ ರಿಸೀವ್ ಆಫ್‌ಲೋಡ್) ಪದ್ಧತಿ ಹೆಡರುಗಳಲ್ಲಿನ ಸಣ್ಣಪುಟ್ಟ ಭೇದಗಳನ್ನು ನುಂಗಿಕೊಂಡು ಹೀಗೆಯೇ ರಾಶಿ ಹಾಕುತ್ತಿದ್ದುದರಿಂದ, ರೂಟರಾಗಿಯೋ ಬ್ರಿಡ್ಜಾಗಿಯೋ ದುಡಿಯುವ ಯಂತ್ರದಲ್ಲಿ ಅದನ್ನು ಆರಿಸಲೇಬೇಕಾಯಿತು. 2009ರಲ್ಲಿ ಬಿಡುಗಡೆಯಾದ 2.6.29 ಆವೃತ್ತಿಯಲ್ಲಿ ಹರ್ಬರ್ಟ್ ಶು ಅವರ ಜಿಆರ್‌ಒ (ಜೆನೆರಿಕ್ ರಿಸೀವ್ ಆಫ್‌ಲೋಡ್) ಬಂದದ್ದು ಈ ದೋಷದ ಪರಿಹಾರಕ್ಕಾಗಿ: ಅದರ ನಿಯಮ ಕಟ್ಟುನಿಟ್ಟು, ಮರಳಿ ತುಂಡರಿಸಿದರೆ ಬಂದ ಪ್ಯಾಕೆಟ್ಟುಗಳೇ ದೊರೆಯುವಂತಿದ್ದರೆ ಮಾತ್ರ ಕೂಡಿಸತಕ್ಕದ್ದು. 2018ರ 4.16ರಲ್ಲಿ ಹಾರ್ಡ್‌ವೇರ್ ಜಿಆರ್‌ಒಗೆ ಎಲ್‌ಆರ್‌ಒನಿಂದ ಬೇರೆಯಾದ ಫ್ಲ್ಯಾಗನ್ನೇ ಕೊಟ್ಟುದರ ಅರ್ಥವೂ ಇದೇ. ಆ ಫ್ಲ್ಯಾಗನ್ನು ಏರಿಸುವ ಡ್ರೈವರು ಒಂದು ಮಾತು ಕೊಡುತ್ತಿದೆ. ಉಳಿಸಿಕೊಳ್ಳುವ ಕಷ್ಟ ಆಮೇಲಿನದು.

ಆ ಕಷ್ಟದ ಸ್ವರೂಪವನ್ನಿಷ್ಟು ನೋಡಿ. ರಾಶಿಯ ನೆತ್ತಿಯ ಮೇಲೆ ಕಾರ್ಡು ಬಿಟ್ಟುಹೋಗುವುದು ಅನೇಕ ವೇಳೆ ಮೊದಲನೆಯ ಪ್ಯಾಕೆಟ್ಟಿನ ಹೆಡರನ್ನು. ಅದರಲ್ಲಿ ಐಪಿಯ ಒಟ್ಟು ಉದ್ದವನ್ನು ತಿದ್ದಿ, ಚೆಕ್‌ಸಮ್ಮನ್ನು ಹೊಸದಾಗಿ ಲೆಕ್ಕ ಹಾಕಿ, ಒಂದೊಂದು ತುಂಡಿನ ಅಳತೆಯೆಷ್ಟು, ಯಾವ ಜಾತಿಯದು, ತುಂಡುಗಳು ಒಟ್ಟು ಎಷ್ಟು ಎಂಬ ಮೂರನ್ನೂ ಕರ್ನೆಲಿಗೆ ಒಪ್ಪಿಸುವ ಹೊಣೆ ಡ್ರೈವರಿನದು. ಅಳತೆಯ ಜಾಗವನ್ನು ಸೊನ್ನೆಯಾಗಿ ಬಿಟ್ಟರೆ, ಕಳುಹಿಸುವವನ ತುಂಡಿನ ಗಾತ್ರವನ್ನು ಅದರಿಂದಲೇ ಅಂದಾಜು ಮಾಡುವ ಟಿಸಿಪಿ ರಾಶಿಯನ್ನೇ ಒಂದು ತುಂಡೆಂದು ಭ್ರಮಿಸುತ್ತದೆ. ಆಗ ಕರ್ನೆಲು, ಈ ಡ್ರೈವರಿನ ಜಿಆರ್‌ಒ ಸಂಶಯಾಸ್ಪದವಾಗಿದೆ, ಟಿಸಿಪಿಯ ವೇಗಕ್ಕೆ ಕುಂದು ಬಂದೀತು ಎಂಬ ಅಭಿಪ್ರಾಯದ ಒಂದು ಸಾಲನ್ನು ಲಾಗಿನಲ್ಲಿ ಬರೆದು ಸುಮ್ಮನಾಗುತ್ತದೆ. ಓದುವವರು ಯಾರು ಎಂಬುದು ಬೇರೆ ಪ್ರಶ್ನೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ನಡೆದುದನ್ನು ಹೇಳುತ್ತೇನೆ. ಬ್ರಿಡ್ಜಿನ ಹಿಂದೆ ಒಂದು ವರ್ಚುಯಲ್ ಯಂತ್ರ. ಹೊರಗಿನಿಂದ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಲಾಗಿನ್ ಆಗುತ್ತದೆ, ಆದರೆ ಒಂದು ಫೈಲನ್ನು ಕಳುಹಿಸಿದರೆ ಅದು ನಿಲ್ಲುವುದೂ ಇಲ್ಲ, ಸಾಗುವುದೂ ಇಲ್ಲ. ಎರಡು ದಿನ ಸ್ವಿಚ್ಚನ್ನು ಬೈದೆವು, ಕೇಬಲ್ಲನ್ನು ಬದಲಾಯಿಸಿದೆವು. ಮೂರನೆಯ ದಿನ ಬ್ರಿಡ್ಜಿನ ಮೇಲೆ ಟಿಸಿಪಿಡಂಪ್ ಹಾಕಿ ನೋಡಿದಾಗ, 1,500ರ ಎಂಟಿಯು ಇರುವಲ್ಲಿ 2,962 ಬೈಟುಗಳ ಫ್ರೇಮುಗಳು ಕಾಣಿಸಿದವು: ಎರಡು ತುಂಡು ಸೇರಿ 2,896, ಹೆಡರುಗಳಿಗೆ 66. ಅಳತೆಯ ಚೀಟಿಯಿಲ್ಲದ ಆ ಜೋಡಿಗಳನ್ನು ಬ್ರಿಡ್ಜು ಸದ್ದಿಲ್ಲದೆ ಎಸೆಯುತ್ತಿತ್ತು. ಕಾದು ಕಾದು ಕಳುಹಿಸುವವನು ಒಂಟಿಯಾಗಿ ಮರಳಿ ಕಳಿಸಿದ ತುಂಡು ಮಾತ್ರ, ಕೂಡಿಕೊಳ್ಳಲು ಜೊತೆಯಿಲ್ಲದ ಕಾರಣ, ದಾಟಿಹೋಗುತ್ತಿತ್ತು. ಇದರಿಂದ ಧೈರ್ಯಗೊಂಡು ಅವನು ಎರಡನ್ನು ಕಳುಹಿಸಿದೊಡನೆಯೇ ಎರಡೂ ನಷ್ಟ. ಇಥ್‌ಟೂಲನ್ನು ಕೇಳಿದರೆ ಎಲ್‌ಆರ್‌ಒ "ಆಫ್" ಎಂದಿತು. ಬ್ರಿಡ್ಜಿಗೆ ಸೇರಿಸಿದಾಗಲೇ ಕರ್ನೆಲು ಅದನ್ನು ಆರಿಸಲು ಹೇಳಿತ್ತು, ಡ್ರೈವರು ತಲೆಯಾಡಿಸಿತ್ತು, ಕಾರ್ಡಿನ ರಿಜಿಸ್ಟರಿನಲ್ಲಿ ಮಾತ್ರ ಆ ಬಿಟ್ಟು 1 ಆಗಿಯೇ ಕುಳಿತಿತ್ತು. ಫ್ಲ್ಯಾಗನ್ನು ಏರಿಸಲು ಬಲ್ಲ ಮಹಾಶಯನಿಗೆ ಇಳಿಸುವ ಫಂಕ್ಷನ್ನು ಬರೆಯುವುದು ಮರೆತುಹೋಗಿತ್ತು.

ಉಳಿದ ನಂಬಿಕೆಗಳಿಗೆ ಇಷ್ಟು ಸ್ಥಳ ಸಲ್ಲದು. ಡಂಪಿನಲ್ಲಿ ದೊಡ್ಡ ಪ್ಯಾಕೆಟ್ಟು ಕಂಡೊಡನೆ ತಂತಿಯಲ್ಲಿ ಜಂಬೋ ಫ್ರೇಮು ಓಡುತ್ತಿದೆಯೆಂದು ಗಾಬರಿಪಡುವವರು, ಟಿಸಿಪಿಡಂಪ್ ನೋಡುವುದು ಕೂಡಿಕೆಯಾದ ನಂತರದ ರೂಪವನ್ನೆಂದು ತಿಳಿದರೆ ಸಾಕು. ಕೂಡಿಕೆಯಿಂದ ವಿಳಂಬವೂ ತಗ್ಗುವುದೆಂಬವರು, ಜೊತೆಗಾರನಿಗಾಗಿ ಕಾಯುವುದೂ ಒಂದು ವಿಳಂಬವೆಂಬುದನ್ನು ಮರೆತಿದ್ದಾರೆ. ತಂತಿಯ ಸಿಆರ್‌ಸಿ ಇರುವಾಗ ಟಿಸಿಪಿಯ ಚೆಕ್‌ಸಮ್ ಅಲಂಕಾರಮಾತ್ರವೆಂಬವರಿಗೆ, ಸಿಆರ್‌ಸಿಯನ್ನು ದಾಟಿಬಂದ ಪ್ಯಾಕೆಟ್ಟುಗಳಲ್ಲಿಯೂ 1,100ರಿಂದ 32,000ಕ್ಕೆ ಒಂದರಂತೆ ಟಿಸಿಪಿಯ ಲೆಕ್ಕ ತಪ್ಪಿದುದನ್ನು ಸ್ಟೋನ್ ಮತ್ತು ಪಾರ್ಟ್ರಿಡ್ಜ್ ಎಂಬಿಬ್ಬರು 2000ದಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಇಷ್ಟೆಲ್ಲ ಇದ್ದರೂ 'ಹಾರ್ಡ್‌ವೇರ್' ಎಂಬ ನಾಲ್ಕಕ್ಷರಕ್ಕೆ ನಮ್ಮವರು ಸಲ್ಲಿಸುವ ಭಕ್ತಿಯನ್ನು ಕಂಡಾಗ, ತಾಯಿತ ಕಟ್ಟಿಸಿಕೊಂಡವನೊಬ್ಬ ನಂತರ ಔಷಧದ ಮಾತೆತ್ತಿದರೆ ಸಿಡುಕುವುದು ನೆನಪಾಗುತ್ತದೆ. ಕಾರ್ಡಿನೊಳಗೆ ಕೂಡಿಸುತ್ತಿರುವುದೂ ಯಾರೋ ಬರೆದ ತರ್ಕವೇ, ಅದರ ತಪ್ಪನ್ನು ತಿದ್ದುವುದು ನಮ್ಮ ಕೈಗೆ ಎಟುಕದು ಎಂಬುದಷ್ಟೇ ವ್ಯತ್ಯಾಸ, ಎಂದರೆ ಅವರಿಗೆ ರುಚಿಸದು. ಆ ತರುಣನೂ ನನ್ನನ್ನು ಒಪ್ಪಿಸಲೆಂದು ಒಂದು ಚಿತ್ರ ತಂದು ತೋರಿಸಿದ: ಎರಡು ಯಂತ್ರಗಳನ್ನು ಎದುರುಬದುರಾಗಿ ಒಂದೇ ಕೇಬಲ್ಲಿನಿಂದ ಬಿಗಿದು, ಐಪರ್ಫಿನ ಒಂದೇ ಒಂದು ಪ್ರವಾಹವನ್ನು ಹತ್ತು ಸೆಕೆಂಡು ಓಡಿಸಿ ತೆಗೆದ ಅಂಕಿ. ನಡುವೆ ಒಂದು ಬ್ರಿಡ್ಜನ್ನಿಟ್ಟು ಮತ್ತೊಮ್ಮೆ ಓಡಿಸು ಎಂದೆ. ಸಂಜೆಯಾದರೂ ಬಾರದಿದ್ದುದರಿಂದ ನಾನೇ ಲ್ಯಾಬಿಗೆ ಹೋದೆ. ಅವನು ಕೇಬಲ್ಲನ್ನು ಬದಲಾಯಿಸುತ್ತಿದ್ದ.