ಚಳಿಗೆ ಏಳದ ಡೀಸೆಲ್ ಗಾಡಿ

ಚಳಿಗಾಲದ ಮುಂಜಾನೆ ಡೀಸೆಲ್ ಕಾರು ಏಳಲೊಲ್ಲದೆ ಹಟ ಹಿಡಿದಾಗ ಮೊದಲು ಬ್ಯಾಟರಿಯನ್ನು ದೂರುವುದು ಲೋಕರೂಢಿ. ಆದರೆ ಸೆಲ್ಫ್ ಹೊಡೆದಾಗ ಎಂಜಿನ್ ಯಾವ ವೇಗದಲ್ಲಿ ತಿರುಗುತ್ತದೆ, ಸೈಲೆನ್ಸರಿನಿಂದ ಹೊಗೆ ಬರುತ್ತದೆಯೆ, ಬಂದರೆ ಅದರ ಬಣ್ಣವೇನು ಎಂಬಿಷ್ಟನ್ನು ಕಿವಿಗೊಟ್ಟು ಕೇಳಿ ಕಣ್ಣಿಟ್ಟು ನೋಡುವ ತಾಳ್ಮೆಯುಳ್ಳವನಿಗೆ, ಹಣ ತೆರುವ ಮೊದಲೇ ರೋಗದ ನೆಲೆ ಬಹುಮಟ್ಟಿಗೆ ತಿಳಿದುಬರುವುದು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಜನವರಿಯ ಇರುಳುಗಳಲ್ಲಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುವ ಲಡಾಖಿನ ಲೇಹ್‌ನಂತಹ ಊರಿನಲ್ಲಿ ಈ ವಿವೇಚನೆ ನಿತ್ಯಜೀವನದ ಅವಶ್ಯಕತೆಯೇ ಆಗಿದೆ.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ನಡೆಸಿ ತೋರಿದ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಅದರ ಮೂಲ ಗಾತ್ರದ ಹದಿನಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಹುಟ್ಟುವ ತಾಪವೇ ಅಲ್ಲಿ ಅಗ್ನಿ. ನಮ್ಮ ಬಯಲುಸೀಮೆಯ 27 ಡಿಗ್ರಿಯ ಗಾಳಿ ಹೀಗೆ ಅದುಮಿದಾಗ 580 ಡಿಗ್ರಿಯ ಆಸುಪಾಸಿಗೆ ಏರುವುದಾದರೆ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿ 450ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಂದರೆ ಆರಂಭದಲ್ಲಿ ಕಳೆದುಕೊಂಡ ಒಂದೊಂದು ಡಿಗ್ರಿಯೂ ಕೊನೆಯಲ್ಲಿ ಎರಡೂವರೆ, ಮೂರು ಡಿಗ್ರಿಯ ನಷ್ಟವಾಗಿ ಪರಿಣಮಿಸುವುದು. ಉಳಿದ ತಾಪವಾದರೂ ಪೂರ್ತಿಯಾಗಿ ದಕ್ಕುವುದೆ? ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಗಾಳಿ ಪಿಸ್ಟನ್ನಿನ ಉಂಗುರಗಳ ಸಂದಿನಿಂದ ನುಸುಳಿಹೋಗಲು, ಶಾಖ ತಣ್ಣಗಿನ ಲೋಹದ ಗೋಡೆಗಳಿಗೆ ಹರಿದುಹೋಗಲು ಹೆಚ್ಚು ಅವಕಾಶ ಒದಗುತ್ತದೆ.

ಆದ್ದರಿಂದ ಸೆಲ್ಫ್ ಹೊಡೆದಾಗ ಎಂಜಿನ್ ನರಳುತ್ತ ತಿರುಗಿದರೆ ಬ್ಯಾಟರಿಯನ್ನು ಸಂಶಯಿಸುವುದು ನ್ಯಾಯವೇ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಸೀಸ-ಆಮ್ಲದ ಬ್ಯಾಟರಿಯ ಸಾಮರ್ಥ್ಯ ಅರ್ಧಕ್ಕಿಂತ ಕಡಮೆಯಾಗಿರುತ್ತದೆ; ಎಂಜಿನ್ ಆಯಿಲ್ ಗಟ್ಟಿಯಾಗಿ, ತಿರುಗಿಸಲು ಬೇಕಾದ ಬಲ ಅದೇ ಹೊತ್ತಿನಲ್ಲಿ ಹೆಚ್ಚಿರುತ್ತದೆ. ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಬಹಳ ಕೆಳಗೆ ಕುಸಿದರೆ ಅದು ದುರ್ಬಲವಾಗಿದೆಯೆಂದು ತಿಳಿಯತಕ್ಕದ್ದು. ಕುಸಿಯದೆಯೂ ಎಂಜಿನ್ ನಿಧಾನಿಸಿದರೆ ಟರ್ಮಿನಲ್‌ಗಳ ಮೇಲೆ ಕಟ್ಟಿದ ಬಿಳಿಹಸಿರು ಪುಡಿಯನ್ನೂ ಅರ್ಥ್ ತಂತಿಯನ್ನೂ ನೋಡಬೇಕು.

ಎಂಜಿನ್ ಚುರುಕಾಗಿ ತಿರುಗುತ್ತಿದ್ದು, ಹೊಗೆಯ ಸುಳಿವೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರನ್ನು ಮುಟ್ಟುತ್ತಿಲ್ಲವೆಂದೇ ಅರ್ಥ. ಡೀಸೆಲಿನಲ್ಲಿ ಮೇಣದ ಅಂಶವಿದೆ. ಮಾಗಿಯ ಚಳಿಗೆ ಶೀಶೆಯಲ್ಲಿ ಗರಣೆಗಟ್ಟುವ ಕೊಬ್ಬರಿ ಎಣ್ಣೆಯ ಹಾಗೆ ಈ ಮೇಣವೂ ತಂಪಿಗೆ ಹರಳುಗಟ್ಟಿ, ಮೊದಲು ಇಂಧನವನ್ನು ಮಬ್ಬಾಗಿಸಿ, ಬಳಿಕ ಫಿಲ್ಟರಿನ ಸೂಕ್ಷ್ಮರಂಧ್ರಗಳನ್ನು ಮುಚ್ಚಿಬಿಡುವುದು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಡೀಸೆಲ್ ಬೇಸಗೆಯಲ್ಲಿ 18 ಡಿಗ್ರಿಯವರೆಗೆ, ಚಳಿಗಾಲದಲ್ಲಿ 6 ಡಿಗ್ರಿಯವರೆಗೆ ಫಿಲ್ಟರಿನ ಮೂಲಕ ಹರಿದರೆ ಸಾಕು. ಬಯಲುನಾಡಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹಿಮದ ನಾಡಿಗೆ ಹೋದವನ ಗಾಡಿ ಮೊದಲ ರಾತ್ರಿಯೇ ಮುಷ್ಕರ ಹೂಡುವುದರಲ್ಲಿ ಆಶ್ಚರ್ಯವೇನು? ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಲಡಾಖಿಗಾಗಿ ಒದಗಿಸತೊಡಗಿದ ವಿಶೇಷ ಡೀಸೆಲ್ ಸೊನ್ನೆಗಿಂತ 33 ಡಿಗ್ರಿ ಕೆಳಗೂ ದ್ರವವಾಗಿಯೇ ಉಳಿಯುವುದು. ಅದಕ್ಕೂ ಮೊದಲು ಲಾರಿಯವರು ಟ್ಯಾಂಕಿನಡಿ ಬೆಂಕಿ ಹೊತ್ತಿಸಿ ಇಂಧನವನ್ನು ಕರಗಿಸುತ್ತಿದ್ದ ಪದ್ಧತಿ ಪ್ರಾಣವನ್ನೇ ಪಣಕ್ಕೊಡ್ಡುವ ಸಾಹಸವಾಗಿತ್ತು. ಫಿಲ್ಟರಿನ ಮೇಲೆ ಬಿಸಿನೀರು ಹುಯ್ದು, ಕೈಪಂಪ್ ಇರುವ ಗಾಡಿಯಾದರೆ ಅದನ್ನೊತ್ತಿ ಏರ್ ತೆಗೆಯುವುದು ಸುರಕ್ಷಿತ ಮಾರ್ಗ.

ಇನ್ನು ಎಂಜಿನ್ ಚೆನ್ನಾಗಿ ತಿರುಗುತ್ತಿದ್ದು, ಕಣ್ಣುರಿಸುವ ಬಿಳಿಯ ಹೊಗೆ ದಟ್ಟವಾಗಿ ಹೊರಬೀಳುತ್ತಿದ್ದರೆ, ಪ್ರಸಂಗ ಅತ್ಯಂತ ಕುತೂಹಲಕರವಾದದ್ದು. ಆ ಹೊಗೆ ಬೇರೇನೂ ಅಲ್ಲ, ಒಳಗೆ ಸಿಂಪಡಿಸಲ್ಪಟ್ಟು, ಆವಿಯಾಗಿ, ಉರಿಯದೆಯೇ ಮರಳಿ ಬಂದ ಡೀಸೆಲಿನ ಸೂಕ್ಷ್ಮ ಹನಿಗಳು. ಬ್ಯಾಟರಿ ತನ್ನ ಕರ್ತವ್ಯವನ್ನು ಮಾಡಿದೆ, ಇಂಧನವೂ ಬಂದಿದೆ, ಕೊರತೆಯಾದದ್ದು ತಾಪ. ಆ ಕೊರತೆಯನ್ನು ತುಂಬಲೆಂದೇ ಸಿಲಿಂಡರಿಗೊಂದರಂತೆ, ಮೆಕ್ಯಾನಿಕ್‌ಗಳು ಹೀಟರ್ ಪ್ಲಗ್ ಎಂದು ಕರೆಯುವ, ಪೆನ್ಸಿಲಿನಷ್ಟು ತೆಳುವಾದ ಲೋಹದ ಕಡ್ಡಿಗಳಿರುತ್ತವೆ. ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಾಕಾರದ ದೀಪ ಹೊತ್ತಿಕೊಂಡಿರುವಷ್ಟು ಹೊತ್ತು ಅವು ವಿದ್ಯುತ್ತಿನಿಂದ ಕಾದು, ತುದಿಯಲ್ಲಿ 800 ಡಿಗ್ರಿಗೂ ಮೀರಿ ಕೆಂಪಗಾಗುತ್ತವೆ. ನಾಲ್ಕರಲ್ಲೊಂದು ಸುಟ್ಟಿದ್ದರೆ ಗಾಡಿ ಮೂರು ಸಿಲಿಂಡರುಗಳ ಮೇಲೆ ನಡುಗುತ್ತ ಎದ್ದು, ಕೆಲಹೊತ್ತಿನಲ್ಲಿ ಸ್ವಸ್ಥವಾಗುವುದು. ನಾಲ್ಕೂ ಒಮ್ಮೆಲೇ ತಣ್ಣಗಿದ್ದರೆ ರಿಲೇ ಅಥವಾ ಫ್ಯೂಸಿನ ದೋಷವೆಂದು ಊಹಿಸುವುದು ಯುಕ್ತ. ಪರೀಕ್ಷೆಗೆ ಬೇಕಾದದ್ದು ಎರಡು ತಂತಿ ಕಟ್ಟಿದ 12 ವೋಲ್ಟಿನ ಸಣ್ಣ ಬಲ್ಬ್ ಮಾತ್ರ. ಪ್ಲಗ್‌ಗಳನ್ನು ಜೋಡಿಸಿದ ಲೋಹದ ಪಟ್ಟಿಯನ್ನು ಬಿಚ್ಚಿ, ಒಂದು ತಂತಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಹಿಡಿದು, ಇನ್ನೊಂದರಿಂದ ಪ್ಲಗ್‌ಗಳ ನೆತ್ತಿಯನ್ನು ಒಂದೊಂದಾಗಿ ಮುಟ್ಟಿದರೆ, ಒಳಗಿನ ಸುರುಳಿ ಅಖಂಡವಾಗಿರುವಲ್ಲಿ ಬಲ್ಬ್ ಬೆಳಗುವುದು, ಕಡಿದಿರುವಲ್ಲಿ ಬೆಳಗದು.

ಹೀಟರುಗಳೆಲ್ಲ ಸುಸ್ಥಿತಿಯಲ್ಲಿದ್ದೂ ಬಿಳಿಹೊಗೆ ನಿಲ್ಲದಿದ್ದರೆ ಉಂಗುರಗಳೋ ವಾಲ್ವ್‌ಗಳೋ ಸವೆದು ಕಂಪ್ರೆಷನ್ ಇಳಿದಿರುವ ಸಂಭವ ಹೆಚ್ಚು. ಗೇಜ್ ಇಟ್ಟು ಅಳೆದಲ್ಲದೆ ಎಂಜಿನ್ ಬಿಚ್ಚಿಸಲು ಒಪ್ಪಬಾರದು. ಅವಸರಕ್ಕೆಂದು ಕೆಲವರು ಗಾಳಿಯ ಕೊಳವೆಗೆ ಈಥರ್ ಸಿಂಪಡಿಸುತ್ತಾರೆ. ಸುಮಾರು 160 ಡಿಗ್ರಿಯಲ್ಲೇ ತಾನಾಗಿ ಹೊತ್ತಿಕೊಳ್ಳುವ ಈ ದ್ರವ, ಕೆಂಪಗೆ ಕಾದ ಹೀಟರ್ ಪ್ಲಗ್ಗನ್ನು ತಾಗಿದರೆ ಪಿಸ್ಟನ್ ಮೇಲೇರಿ ಬರುವ ಮೊದಲೇ ಸಿಡಿದು ಪಿಸ್ಟನ್ನನ್ನೂ ಉಂಗುರಗಳನ್ನೂ ಒಡೆಯಬಲ್ಲದಾದ್ದರಿಂದ, ಹೀಟರ್ ಇರುವ ಎಂಜಿನ್ನಿಗೆ ಅದನ್ನು ಎಂದಿಗೂ ಉಪಯೋಗಿಸಕೂಡದು.